ಸಣ್ಣಗಾಗಲು ಅಲ್ಲ

ದುರ್ಗಿಗುಡಿ, ಶಿವಮೊಗ್ಗ
24 ಆಗಸ್ಟ್ 2025, ಭಾನುವಾರ

ಅಮ್ಮಾ,

ಕ್ಷೇಮ ಅಂತ ಶುರು ಮಾಡೋಣವೆಂದು ಪೆನ್ನು ಹಿಡಿದೆ. ಆದರೆ ನಾನು ಕ್ಷೇಮವಾಗಿದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಈ ಹಾಸ್ಟೆಲ್ಲಿನಲ್ಲಿ ಫಸ್ಟ್ ಇಯರ್‌ನವರಿಗೆ ಸಂಜೆ ಅರ್ಧ ಗಂಟೆ ಮಾತ್ರ ಫೋನು. ಅದೂ ವಾರ್ಡನ್ ಶಾಂತಮ್ಮನವರ ಟೇಬಲ್ ಎದುರು ನಿಂತು ಮಾತಾಡಬೇಕು. ನಾನು "ಅದು ಮತ್ತೆ ಬರಲಿಲ್ಲ" ಅಂದರೆ ಹಿಂದೆ ಕ್ಯೂ ನಿಂತ ಹತ್ತು ಜನಕ್ಕೂ ಕೇಳುತ್ತದೆ. ಆ ಕಡೆ ನಿನ್ನ ಪಕ್ಕದಲ್ಲಿ ಅಜ್ಜಿ ಕೂತಿರುತ್ತಾರೆ. ಅದಕ್ಕೇ ಡಬ್ಬದ ಚೀಲದಲ್ಲಿ ಪತ್ರ. ಮೂರ್ತಪ್ಪ ಮಾವ ದಿನಾ ಎಂಟು ಗಂಟೆ ಬಸ್ಸಿಗೆ ಭದ್ರಾವತಿಯಿಂದ ಇಲ್ಲಿನ ಬಟ್ಟೆ ಅಂಗಡಿಗೆ ಬರುತ್ತಾರಲ್ಲ, ನಾಳೆಯಿಂದ ಡಬ್ಬ ತರುವವರೂ ಅವರೇ, ಖಾಲಿ ಡಬ್ಬ ಒಯ್ಯುವವರೂ ಅವರೇ. ಅವರು ಓದುತ್ತಾರೆಂದು ಹೆದರಬೇಡ. ಪೇಪರಿನಲ್ಲೂ ಅವರು ನೋಡುವುದು ಕ್ರಿಕೆಟ್ ಸ್ಕೋರು ಮಾತ್ರ.

ನನಗೆ ಫಿಟ್ಸ್ ಇದೆ. ನೋಡು, ಬರೆದೆ. ಪೇಪರ್ ಹರಿಯಲಿಲ್ಲ, ಆಕಾಶವೂ ಬೀಳಲಿಲ್ಲ. ಏಳು ವರ್ಷದಿಂದ ನಮ್ಮ ಮನೆಯಲ್ಲಿ ಅದಕ್ಕೆ "ಅದು" ಅಂತ ಹೆಸರು.

ಮೊನ್ನೆ ಸವಳಂಗ ರಸ್ತೆಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಮೇಡಂ ಹೇಳಿದ್ದೆಲ್ಲ ನೀನು ಕೇಳಿಸಿಕೊಂಡೆಯೋ ಇಲ್ಲವೋ ಗೊತ್ತಿಲ್ಲ. ನಿನ್ನ ಕಣ್ಣು ಬಾಗಿಲ ಮೇಲಿತ್ತು, ಯಾರಾದರೂ ಗುರುತಿನವರು ಬಂದಾರೇನೋ ಎಂದು. ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಮಾತ್ರೆ ಎರಡು ಸಲ ಬದಲಾಯಿಸಿದರೂ ಈ ಬೇಸಿಗೆಯಿಂದ ಮೂರು ಸಲ ಬಂದಿದೆ. ಆದ್ದರಿಂದ ಮಾತ್ರೆ ನಿಲ್ಲಿಸದೆ, ಅದರ ಜೊತೆಗೆ, ಮೂರು ತಿಂಗಳು ಕೀಟೋ ಡಯಟ್ ಮಾಡಿ ನೋಡಬೇಕು. ಎಲ್ಲರಿಗೂ ಇದು ಕೆಲಸ ಮಾಡಲ್ಲ, ಕೆಲವರಿಗೆ ತುಂಬ ಚೆನ್ನಾಗಿ ಮಾಡುತ್ತದೆ ಅಂದರು.

ಕೀಟೋ ಅಂದರೆ ಇಷ್ಟೇ. ನಾವು ಅನ್ನ, ಮುದ್ದೆ, ಚಪಾತಿ ತಿಂದರೆ ಅದು ಸಕ್ಕರೆಯಾಗಿ ಮೈಯಲ್ಲಿ ಉರಿಯುತ್ತದೆ. ಅದನ್ನು ನಿಲ್ಲಿಸಿ ಕೊಬ್ಬನ್ನೇ ಕೊಟ್ಟರೆ, ಲಿವರ್ ಆ ಕೊಬ್ಬಿನಿಂದ ಕೀಟೋನ್ ಅನ್ನೋದನ್ನು ಮಾಡುತ್ತದೆ. ಮಿದುಳು ಅದರ ಮೇಲೆ ನಡೆಯಲು ಕಲಿಯುತ್ತದೆ, ಕೆಲವರಲ್ಲಿ ಆಗ ಶಾಂತವಾಗಿರುತ್ತದೆ. ಅಪ್ಪ ಹೇಳುತ್ತಿದ್ದರಲ್ಲ, ಹಿಂದೆ ನಮ್ಮೂರ ಕಾರ್ಖಾನೆಯಲ್ಲಿ ಕಾಡಿನ ಇದ್ದಿಲು ಸುಟ್ಟು ಕಬ್ಬಿಣ ಕರಗಿಸುತ್ತಿದ್ದರು, ಆಮೇಲೆ ಕರೆಂಟು ಬಂತು ಅಂತ. ಹಾಗೆಯೇ. ಕಬ್ಬಿಣ ಅದೇ, ಉರಿಸುವುದು ಬೇರೆ.

ಡಯೆಟಿಷಿಯನ್ ನನಗೆ ಕೊಟ್ಟಿರುವುದು ದಿನಕ್ಕೆ ಇಪ್ಪತ್ತು ಗ್ರಾಂ ಪಿಷ್ಟ. ಎರಡು ಇಡ್ಲಿಗೆ ಆ ದಿನ ಮುಗಿಯಿತು. ಮೊಟ್ಟೆ, ಮೀನು, ಕೋಳಿ, ಪನೀರ್ ಕಳಿಸು. ಸೊಪ್ಪು, ಸೋರೆಕಾಯಿ, ಬದನೆಕಾಯಿ ಯಾವುದೇ ಮಾಡಿದರೂ ತುಪ್ಪವೋ ಕೊಬ್ಬರಿ ಎಣ್ಣೆಯೋ ತೇಲುವಷ್ಟು ಹಾಕು. ಕಾಯಿತುರಿ ಹಾಕುವಾಗ ಕೈ ಬಿಗಿ ಮಾಡಬೇಡ. ಆಲೂಗಡ್ಡೆ, ಬೆಲ್ಲ ಬೇಡವೇ ಬೇಡ. ಇಲ್ಲಿನ ಮೆಸ್ಸಿನಲ್ಲಿ ಬುಧವಾರ ಒಂದು ಮೊಟ್ಟೆ ಬಿಟ್ಟರೆ ನನ್ನ ಪಾಲಿಗೆ ಏನೂ ಇಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನೀನು ಹೇಳಿಕೊಟ್ಟ ಹಾಗೆಯೇ ರೂಮಿನಲ್ಲಿ ಹೇಳಿದೆ, ಸಣ್ಣಗಾಗಲು ಡಯಟ್ ಅಂತ. ಸೊರಬದ ಸುಶ್ಮಿತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಾರಾಯ್ತಿ, ನಲವತ್ತಾರು ಕೆಜಿ ಇದೀಯ. ನಿನ್ನಲ್ಲಿ ಇಳಿಸೋಕೆ ಏನಿದೆ? ಜೋರು ಗಾಳಿ ಬಂದ್ರೆ ನಿನ್ನ ಹಿಡ್ಕೊಳ್ಳೋಕೆ ಇಬ್ರು ಬೇಕು."

ನಾನು ನಕ್ಕೆ. ಮೂರು ತಿಂಗಳು ಈ ಸುಳ್ಳು ಹೇಳುತ್ತೇನೆ ಅಮ್ಮಾ. ನಾಲ್ಕನೇ ತಿಂಗಳಿಗೆ ನನ್ನನ್ನು ಕೇಳಬೇಡ.

ಇಂಪನಾ


ಜನ್ನಾಪುರ, ಭದ್ರಾವತಿ
30-8-2025, ಶನಿವಾರ

ಮಗಳೇ,

ನಿನ್ನ ಕಾಗದ ಎರಡು ಸಲ ಓದಿ ಗ್ಯಾಸಿನ ಮೇಲೆ ಹಿಡಿದು ಸುಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಆ ಪದವನ್ನು ಅಷ್ಟು ದಪ್ಪಗೆ ಬರೆಯಬಾರದು. ಚೀಲ ಬಸ್ಸಿನಲ್ಲಿ ಯಾರ ಕೈಗಾದರೂ ಸಿಕ್ಕರೆ? ಇನ್ನು ಎರಡು ಮೂರು ವರ್ಷಕ್ಕೆ ನಿನ್ನ ಮದುವೆ ಮಾತು ಬರುತ್ತದೆ. ಹೆಣ್ಣುಮಗಳ ವಿಷಯ ಒಂದು ಬಾಯಿಂದ ಹೊರಟರೆ ಯಾರ ಬಾಯಲ್ಲಿ ನಿಲ್ಲುತ್ತದೆಯೋ ಹೇಳಲಾಗದು. ಶಿವಮೊಗ್ಗದಲ್ಲೇ, ಆಲ್ಕೊಳದಲ್ಲಿ ನಿನ್ನ ಚಿಕ್ಕಪ್ಪನ ಮನೆಯಿದ್ದೂ ನಿನ್ನನ್ನು ಹಾಸ್ಟೆಲ್ಲಿಗೆ ಸೇರಿಸಿದ್ದು ಇದಕ್ಕೇ ತಾನೆ.

ಅಜ್ಜಿ ಈ ವಾರ ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದಾರೆ. "ಯಾರಿಗೇ ಇಷ್ಟು ತುಪ್ಪ?" ಎಂದರು. "ಇಂಪನಾಗೆ ಅತ್ತೆ, ಸಣ್ಣ ಆಗೋಕಂತೆ" ಎಂದೆ. "ತುಪ್ಪ ತಿಂದ್ರೆ ಸಣ್ಣ ಆಗ್ತಾರಾ? ಹಂಗಾದ್ರೆ ನಾನು ಇಷ್ಟೊತ್ತಿಗೆ ಕಡ್ಡಿ ಆಗಿರಬೇಕಿತ್ತು" ಎಂದರು. ನಿನ್ನ ಅಪ್ಪ ಪೇಪರಿನ ಹಿಂದೆ ನಗುತ್ತಿದ್ದರು.

ಇವತ್ತು ನನ್ನ ಶನಿವಾರದ ಒಪ್ಪತ್ತು. ನಿನ್ನ ಹೆಸರಲ್ಲೇ ಹಿಡಿದಿರುವುದು, ನಿನಗೆ ಗೊತ್ತು. ಮನೆಯಲ್ಲಿ ಮೊಟ್ಟೆ ಬೇಯಿಸಲಿಲ್ಲ. ನೀನು ಹೇಳಿದ ಹಾಗೆ ಒಂದು ಅಗುಳು ಅನ್ನವನ್ನೂ ಹಾಕಿಲ್ಲ. ಬರೀ ಫಲಾರ ಕಳಿಸಿದ್ದೇನೆ. ಕಾಯಿ ಬೆಲ್ಲದ ಅವಲಕ್ಕಿ, ಎರಡು ಬಾಳೆಹಣ್ಣು, ಚಿಕ್ಕ ಡಬ್ಬದಲ್ಲಿ ಸಬ್ಬಕ್ಕಿ ಪಾಯಸ. ಹೊಟ್ಟೆಗೆ ಹಗುರ.

ಬೀಗದ ಕೈ ಜೋಪಾನ. ಬಟ್ಟೆ ಬದಲಾಯಿಸಿದಾಗ ಮರೆಯದೆ ಜೇಬಿಗೆ ಹಾಕಿಕೋ. ಹಾಗೇನಾದರೂ ಆದರೆ ಕೈಗೆ ಕಬ್ಬಿಣ ಸಿಗಬೇಕು.

ಆಶೀರ್ವಾದಗಳೊಂದಿಗೆ,
ಅಮ್ಮ


ದುರ್ಗಿಗುಡಿ
1 ಸೆಪ್ಟೆಂಬರ್ 2025, ಸೋಮವಾರ

ಅಮ್ಮಾ,

ಅವಲಕ್ಕಿಯನ್ನು ಯಾವುದರಿಂದ ಮಾಡುತ್ತಾರೆ? ಭತ್ತದಿಂದ. ಅಕ್ಕಿಯನ್ನು ಕುಟ್ಟಿ ಚಪ್ಪಟೆ ಮಾಡಿದರೆ ಅದು ಅಕ್ಕಿಯಲ್ಲದೆ ಹೋಗುತ್ತದಾ? ಬಾಳೆಹಣ್ಣು ಸಕ್ಕರೆ. ಸಬ್ಬಕ್ಕಿಯಂತೂ ಶುದ್ಧ ಪಿಷ್ಟ, ಅದಕ್ಕೆ ಮೇಲಿಂದ ಇನ್ನೊಂದಿಷ್ಟು ಸಕ್ಕರೆ. ನೀನು ಕಳಿಸಿದ ಆ "ಹಗುರ" ಡಬ್ಬದಲ್ಲಿ ನನ್ನ ಒಂದು ವಾರದ ಲೆಕ್ಕ ಇತ್ತು!

ನಿನ್ನ ಮೇಲೆ ಕೋಪ ಬಂತು, ಆಮೇಲೆ ನಗು ಬಂತು. ನಮ್ಮ ಕಡೆ ಅನ್ನವೋ ಮುದ್ದೆಯೋ ತಿಂದರೆ ಮಾತ್ರ ಊಟ. ಆರು ಇಡ್ಲಿ ತಿಂದು ಕೈ ತೊಳೆಯುತ್ತಿರುವವರನ್ನು ಕೇಳಿದರೂ "ಊಟ ಇನ್ನೂ ಆಗಿಲ್ಲ" ಅನ್ನುತ್ತಾರೆ. ಉಪವಾಸ ಅಂತ ಮೂರು ಪ್ಲೇಟ್ ಉಪ್ಪಿಟ್ಟು ತಿಂದವರನ್ನು ನಾನೇ ನೋಡಿದ್ದೇನೆ. ದೇವರು ಒಪ್ಪಬಹುದು, ಲಿವರ್ ಒಪ್ಪುವುದಿಲ್ಲ. ಅವಲಕ್ಕಿ ಸುಶ್ಮಿತಾ ತಿಂದಳು. "ನಿಮ್ಮಮ್ಮನ ಕೈಗೆ ನಮಸ್ಕಾರ ಮಾರಾಯ್ತಿ, ನೀನು ಡಯಟ್ ಮುಂದುವರಿಸು" ಅಂದಳು.

ಮೊದಲ ವಾರ ಕಷ್ಟವಾಯಿತು. ತಲೆನೋವು, ಕಾಲು ಸೋತ ಹಾಗೆ, ಯಾರು ಮಾತಾಡಿಸಿದರೂ ಕಚ್ಚಬೇಕೆನ್ನುವಷ್ಟು ಸಿಟ್ಟು. ಇದು ಬರುತ್ತದೆ, ನಾಲ್ಕಾರು ದಿನಕ್ಕೆ ಹೋಗುತ್ತದೆ, ನೀರು ಮತ್ತು ಉಪ್ಪು ಕಡಿಮೆಯಾಗದಂತೆ ನೋಡಿಕೋ ಎಂದು ಡಯೆಟಿಷಿಯನ್ ಮೊದಲೇ ಹೇಳಿದ್ದರು. ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿ ಕುಡಿಯುತ್ತಿದ್ದೇನೆ. ಬಾಯಿ ಏನೋ ಥರ ವಾಸನೆ ಬರುತ್ತದೆ, ನೇಲ್ ಪಾಲಿಶ್ ಅಳಿಸುವ ದ್ರವದ ಹಾಗೆ. ಅದು ಒಳ್ಳೆಯ ಲಕ್ಷಣವಂತೆ. ಮೆಡಿಕಲ್ ಶಾಪಿನಿಂದ ತಂದ ಸ್ಟ್ರಿಪ್ಪನ್ನು ಮೂತ್ರದಲ್ಲಿ ಅದ್ದಿದರೆ ಬಣ್ಣ ತಿರುಗುತ್ತದೆ. ಮೊದಲೆರಡು ದಿನ ಏನೂ ಇಲ್ಲ, ಬುಧವಾರ ತಿಳಿ ಗುಲಾಬಿ, ಶುಕ್ರವಾರ ಗಾಢ ನೇರಳೆ. ಬಾತ್‌ರೂಮಿನಲ್ಲಿ ಒಬ್ಬಳೇ, ರಿಸಲ್ಟ್ ನೋಡಿದವಳ ಹಾಗೆ ಕುಣಿದೆ. ಯಾರಿಗೂ ತೋರಿಸಲಿಲ್ಲ. ಸಣ್ಣಗಾಗುವವಳು ಮೂತ್ರ ಯಾಕೆ ಪರೀಕ್ಷೆ ಮಾಡಿಕೊಳ್ಳುತ್ತಾಳೆ ಎಂದು ಕೇಳಿದರೆ ನೀನು ನನಗೆ ಉತ್ತರ ಹೇಳಿಕೊಟ್ಟಿಲ್ಲ.

ಬೀಗದ ಕೈ ಜೇಬಿನಲ್ಲೇ ಇದೆ. ಅದು ನಿನ್ನ ಹಸಿರು ಟ್ರಂಕಿನದು, ಇರುವುದು ಅದೊಂದೇ. ಪ್ರತಿ ರಜೆಗೆ ನಾನು ಬಂದಾಗ ಅದನ್ನು ಇಸಿದುಕೊಂಡು, ಟ್ರಂಕು ತೆಗೆದು, ನನ್ನ ಹೊಸ ರಿಪೋರ್ಟುಗಳನ್ನು ಹಳೆಯವುಗಳ ಮೇಲೆ ಇಟ್ಟು, ಬೀಗ ಹಾಕಿ, ಕೈಯನ್ನು ಮತ್ತೆ ನನ್ನ ಬ್ಯಾಗಿಗೆ ಹಾಕುತ್ತೀಯ. ರೋಗವೂ ನನ್ನದು, ಬೀಗದ ಕೈಯೂ ನನ್ನದು. ಇದೂ ಒಂದು ಥರ ಸಿಸ್ಟಮ್ಮೇ!

ಒಂದು ಕೇಳುತ್ತೇನೆ. ಐದನೇ ಕ್ಲಾಸಿನಲ್ಲಿ ಸ್ಕೂಲಿನ ಅಂಗಳದಲ್ಲಿ ಬಿದ್ದೆನಂತೆ. ಅದಾದ ಎರಡೇ ತಿಂಗಳಿಗೆ ನನ್ನನ್ನು ರೆಸಿಡೆನ್ಷಿಯಲ್ ಸ್ಕೂಲಿಗೆ ಬಿಟ್ಟಿರಿ. ಇಂಗ್ಲಿಷ್ ಮೀಡಿಯಂ, ಒಳ್ಳೇ ಸ್ಕೂಲ್ ಅಂದಿರಿ. ಈಗ ನನ್ನ ಕನ್ನಡ ಅರ್ಧ, ಇಂಗ್ಲಿಷ್ ಅರ್ಧ, ಮನೆಯಂತೂ ಕಾಲು. ನನ್ನನ್ನು ಓದಿಸಲು ಕಳಿಸಿದ್ದಾ, ಮುಚ್ಚಿಡಲು ಕಳಿಸಿದ್ದಾ?

ಉತ್ತರ ಬರೆ. ಸುಡುವುದಾದರೆ ಬರೆದ ಮೇಲೆ ಸುಡು.

ಇಂಪನಾ


ಜನ್ನಾಪುರ
19-9-2025, ಶುಕ್ರವಾರ

ಮಗಳೇ,

ಸೋರೆಕಾಯಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಹುರಿದು ಮೊಟ್ಟೆ ಒಡೆದು ಹಾಕಿದ್ದೇನೆ. ಸುಶ್ಮಿತಾಗೆ ಅಂತ ಬೇರೆ ಡಬ್ಬದಲ್ಲಿ ಚಕ್ಕುಲಿ ಇದೆ, ನೀನು ಮುಟ್ಟಬೇಡ. ಪ್ಯಾಕೆಟ್ಟಿನ ಮಸಾಲೆಯಲ್ಲೂ ಸಕ್ಕರೆ ಇರುತ್ತದೆಂದು ನಿನ್ನ ಅಪ್ಪ ಕನ್ನಡಕ ಹಾಕಿಕೊಂಡು ಹಿಂದಿನ ಸಣ್ಣ ಅಕ್ಷರ ಓದಿ ಹೇಳಿದರು. ಈಗ ಮಸಾಲೆ ಮನೆಯಲ್ಲೇ ಪುಡಿ ಮಾಡುತ್ತಿದ್ದೇನೆ.

ಹಬ್ಬಕ್ಕೆ ಬಾ. ಚಿಕ್ಕಪ್ಪನ ಮನೆಯವರೂ ಬರುತ್ತಾರೆ. ನೀನು ಕೇಳಿದ್ದನ್ನು ಎದುರಿಗೆ ಮಾತಾಡೋಣ.

ಅಮ್ಮ


ದುರ್ಗಿಗುಡಿ
5 ಅಕ್ಟೋಬರ್ 2025, ಭಾನುವಾರ

ಅಮ್ಮಾ,

ಎದುರಿಗೆ ಮಾತಾಡೋಣ ಅಂದಿದ್ದೆ. ನಾಲ್ಕು ದಿನ ಎದುರಿಗಿದ್ದೆ. ನೀನು ಹೋಳಿಗೆ ಬಗ್ಗೆ ಮಾತಾಡಿದೆ, ಪಕ್ಕದ ಮನೆ ನಾಯಿ ಮರಿ ಹಾಕಿದ್ದರ ಬಗ್ಗೆ ಮಾತಾಡಿದೆ.

ಆಯುಧಪೂಜೆ ದಿನ ಅಪ್ಪನ ಬೈಕು, ಮಿಕ್ಸಿ, ಸ್ಪ್ಯಾನರುಗಳ ಸಾಲಿನಲ್ಲಿ ನನ್ನ ಜೇಬಿನ ಬೀಗದ ಕೈಯನ್ನೂ ಇಟ್ಟು ಕುಂಕುಮ ಹಚ್ಚಿದೆ. ಅಜ್ಜಿ "ಇದ್ಯಾವ ಬೀಗದ್ದೇ?" ಅಂದಾಗ "ಹಾಸ್ಟೆಲ್ ರೂಮಿಂದು ಅತ್ತೆ" ಅಂದೆ. ಎಷ್ಟು ಸಲೀಸಾಗಿ ಬಂತು!

ಊಟಕ್ಕೆ ಕೂತಾಗ ಆನಂದ ಚಿಕ್ಕಪ್ಪ ನನ್ನ ಎಲೆ ನೋಡಿದರು. ಪನೀರ್, ಪಲ್ಯ, ತುಪ್ಪ. "ಏನಮ್ಮಾ ಹೀರೋಯಿನ್, ಯಾವ ಪಿಕ್ಚರಿಗೆ ತಯಾರಿ? ನಮಗೂ ಟಿಕೆಟ್ ಕೊಡ್ತೀಯಾ?" ಅಂದರು. ಅವರು ಶುಗರ್ ಅಂತ ಹೋಳಿಗೆ ಬೇಡ ಅಂದಾಗ ಎಲ್ಲರೂ ಅಯ್ಯೋ ಪಾಪ ಅಂದಿರಿ. ನಾನು ಬೇಡ ಅಂದಾಗ ಎಲ್ಲರೂ ನಕ್ಕಿರಿ. "ಹಬ್ಬದ ದಿನ ಎಲೆ ಮುಂದೆ ಏನು ಶೋಕಿಯೇ ನಿಂದು" ಅಂತ ಅಜ್ಜಿ ಬೈದರು.

ನೀನೂ ನಕ್ಕೆ. ನಾನು ನೋಡಿದೆ.

ನಲವತ್ತೊಂದು ದಿನವಾಯಿತು ಅಮ್ಮಾ, ಒಂದು ಸಲವೂ ಬಂದಿಲ್ಲ. ಮಾತ್ರೆಯಷ್ಟೇ ತಿನ್ನುತ್ತಿದ್ದಾಗ ಇಷ್ಟು ದಿನ ಯಾವತ್ತೂ ಖಾಲಿ ಹೋಗಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಾಲಿಗೆ ಕಚ್ಚಿದೆಯಾ, ಹಾಸಿಗೆ ಒದ್ದೆಯಾಗಿದೆಯಾ ಎಂದು ನೋಡಿಕೊಳ್ಳುವುದು ಮರೆಯುತ್ತಿದ್ದೇನೆ. ಮರೆತದ್ದು ನೆನಪಾಗಿ ಹೆದರಿಕೆಯಾಗುತ್ತದೆ. ಇದನ್ನು ಯಾರಿಗಾದರೂ ಹೇಳಬೇಕು, ಯಾರಿಗೆ ಹೇಳಲಿ? ಸಣ್ಣಗಾಗುವವಳಿಗೆ ಇಂಥ ಸಂತೋಷ ಇರುವುದಿಲ್ಲ.

ಶೋಕಿಯವಳು ಅನ್ನಿಸಿಕೊಳ್ಳುವುದಕ್ಕಿಂತ ಫಿಟ್ಸಿನವಳು ಅನ್ನಿಸಿಕೊಳ್ಳುವುದು ನನಗೆ ಮೇಲು. ನಿನಗೆ?

ಇಂಪನಾ


ಜನ್ನಾಪುರ
11-10-2025, ಶನಿವಾರ

ಇಂಪನಾ,

ಪನೀರ್ ಇದೆ, ಸೊಪ್ಪಿನ ಪಲ್ಯ ಇದೆ. ಫಲಾರ ಹಾಕಿಲ್ಲ.

ನಾನು ನಗಬಾರದಿತ್ತು.

ಅಮ್ಮ


ದುರ್ಗಿಗುಡಿ
7 ನವೆಂಬರ್ 2025, ಶುಕ್ರವಾರ

ಅಮ್ಮಾ,

ಸೋಮವಾರ ಅಪ್ಪ ಬಂದರು. ನೀನು ಬರಲಿಲ್ಲ. ಅಜ್ಜಿಗೆ ಏನೆಂದು ಹೇಳಿ ಹೊರಡುವುದು ಎಂದು ನೀನು ಉಳಿದುಕೊಂಡೆ ಅಂತ ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ಆಟೋದಲ್ಲಿ ಅವರು ಬೂಟಿನ ಲೇಸನ್ನೇ ನೋಡುತ್ತಾ ಕೂತಿದ್ದರು, ನನಗೆ ಗೊತ್ತಾಯಿತು. ಅಪ್ಪನಿಗೂ ಪೂರ್ತಿ ಹೇಳಿಲ್ಲ. ನೀನು ಓದಬೇಕು ಅಂತ ಉಳಿಸಿಕೊಂಡಿದ್ದೇನೆ.

ಅಕ್ಟೋಬರ್ 31, ಶುಕ್ರವಾರ. ಮರುದಿನದ ರಾಜ್ಯೋತ್ಸವಕ್ಕೆ ಹಾಸ್ಟೆಲ್ ಅಂಗಳದಲ್ಲಿ ಡ್ಯಾನ್ಸ್ ಪ್ರಾಕ್ಟೀಸು. ಬಿಸಿಲಿತ್ತು, ನಾನು ನೀರು ಕುಡಿದಿರಲಿಲ್ಲ, ಉಪ್ಪಂತೂ ಬೆಳಗಿಂದ ಮುಟ್ಟಿರಲಿಲ್ಲ. ತಲೆ ಸುತ್ತಿತು, ಮೆಟ್ಟಿಲ ಮೇಲೆ ಕೂತೆ. ಅಷ್ಟೇ. ಅದು ಫಿಟ್ಸ್ ಅಲ್ಲ. ಒಂದು ಲೋಟ ಉಪ್ಪು ನೀರು ಕುಡಿದಿದ್ದರೆ ಸರಿಹೋಗುತ್ತಿತ್ತು. ಸುಶ್ಮಿತಾ ಕಿರುಚಿದಳು, ಶಾಂತಮ್ಮನವರು ಓಡಿ ಬಂದರು. "ಡಯಟ್ ಅಂತೆ ಡಯಟ್! ಹೊಟ್ಟೆಗಿಲ್ದೆ ಸಾಯ್ತಾವೆ ಈ ಹುಡುಗೀರು" ಅಂತ ಗ್ಲೂಕೋಸ್ ಕಲಸಿ ತಂದರು. ನಾನು ಬೇಡ ಅಂದೆ. "ಸುಮ್ನೆ ಕುಡಿಯೇ" ಅಂತ ಎರಡು ಲೋಟ ಕುಡಿಸಿದರು. ಸುಶ್ಮಿತಾ ಅವರಮ್ಮ ಕಳಿಸಿದ ಮೈಸೂರು ಪಾಕು ತಂದು, ನನ್ನ ಗಲ್ಲ ಹಿಡಿದು, "ತಿನ್ನು ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಆಗ ಒಂದೇ ವಾಕ್ಯ ಸಾಕಿತ್ತು. ನನಗೆ ಫಿಟ್ಸ್ ಇದೆ, ಈ ಊಟ ನನಗೆ ಔಷಧಿ. ಹೇಳಲು ಬಾಯಿ ತೆರೆದೆ. ಹಾಗೇ ಮುಚ್ಚಿ, ಮೈಸೂರು ಪಾಕು ನುಂಗಿದೆ. ಒಂದಲ್ಲ, ಮೂರು. ನಿನ್ನ ಮಾತು ಉಳಿಸಿಕೊಂಡೆ ಅಮ್ಮಾ.

ಶನಿವಾರ ಸ್ಟ್ರಿಪ್ಪಿಗೆ ಬಣ್ಣ ಬರಲಿಲ್ಲ. ಭಾನುವಾರವೂ ಇಲ್ಲ. ಸೋಮವಾರ ಬೆಳಿಗ್ಗೆ ಮೆಸ್ಸಿನ ಕ್ಯೂನಲ್ಲಿ ಬಿದ್ದೆ. ಅರವತ್ತು ಹುಡುಗಿಯರ ಎದುರಿಗೆ, ಚಟ್ನಿ ಪಾತ್ರೆಯನ್ನೂ ಎಳೆದುಕೊಂಡು.

ಎಚ್ಚರವಾದಾಗ ಕೈ ಭಾರ ಅನ್ನಿಸಿತು. ನೋಡಿದರೆ ಶಾಂತಮ್ಮನವರ ಗೊಂಚಲು! ಗೇಟು, ಸ್ಟೋರು, ಟೆರೇಸು, ಇಡೀ ಹಾಸ್ಟೆಲ್ಲಿನ ಬೀಗದ ಕೈಗಳು ನನ್ನ ಮುಷ್ಟಿಯಲ್ಲಿ. ನಿನ್ನದು ಜೇಬಿನಲ್ಲಿತ್ತು, ಅದು ಯಾರಿಗೂ ಗೊತ್ತಿರಲಿಲ್ಲವಲ್ಲ. ಸುಶ್ಮಿತಾ ಗೋಡೆಗೆ ಒರಗಿ ಅಳುತ್ತಿದ್ದಳು. "ಉಪವಾಸ ಮಾಡಿ ಮಾಡಿ ಹಿಂಗಾಯ್ತು, ನಾನು ಇನ್ನೂ ತಿನ್ನಿಸಬೇಕಿತ್ತು."

ನಾಲಿಗೆ ಕಚ್ಚಿ ಊದಿತ್ತು, ಮಾತು ಹೊರಳುತ್ತಿರಲಿಲ್ಲ. ಆದರೂ ಹೇಳಿದೆ. "ಸಣ್ಣಗಾಗಲು ಅಲ್ಲ. ನನಗೆ ಫಿಟ್ಸ್ ಇದೆ. ಹನ್ನೊಂದು ವರ್ಷದವಳಿದ್ದಾಗಿನಿಂದ." ಕೇಳಿಸಿತೋ ಇಲ್ಲವೋ ಎಂದು ಎದ್ದು ಕೂತು ಇನ್ನೊಂದು ಸಲ ಹೇಳಿದೆ.

ಶಾಂತಮ್ಮನವರು ತಲೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತರು. "ಮೊದ್ಲೇ ಹೇಳಿದ್ರೆ ನಾನ್ಯಾಕೆ ಗ್ಲೂಕೋಸ್ ಕುಡಿಸ್ತಿದ್ದೆ? ಯಾರು ನಿನಗೆ ಸುಳ್ಳು ಹೇಳೋಕೆ ಹೇಳಿದ್ದು?"

ನಾನು ನಿನ್ನ ಹೆಸರು ಹೇಳಲಿಲ್ಲ. ನಾನೇ ಅಂದೆ.

ಅದು ಗ್ಲೂಕೋಸಿನಿಂದಲೇ ಬಂತೆಂದು ಖಚಿತವಾಗಿ ಹೇಳಲಾಗದು, ನಿದ್ದೆಗೆಟ್ಟರೂ ಟೆನ್ಷನ್ನಿಗೂ ಬರಬಹುದು ಅಂದರು ಡಾಕ್ಟರ್ ಮೇಡಂ. ಆದರೆ ಎಪ್ಪತ್ತು ದಿನ ಬರದೇ ಇದ್ದದ್ದು ಸಣ್ಣ ವಿಷಯ ಅಲ್ಲ, ಮತ್ತೆ ಮೊದಲಿಂದ ಶುರು ಮಾಡು, ಊಟಕ್ಕೆ ಕೂರುವ ಜಾಗದಲ್ಲಿ ಎಲ್ಲರಿಗೂ ಗೊತ್ತಿರಲಿ ಅಂದರು. ಬೀಗದ ಕೈ ಬಗ್ಗೆಯೂ ಕೇಳಿದೆ. ಕಬ್ಬಿಣದಿಂದ ಏನೂ ಆಗುವುದಿಲ್ಲವಂತೆ. ಆಗುವ ಹಾಗಿದ್ದರೆ ನಮ್ಮೂರಲ್ಲಿ ಯಾರಿಗೂ ಫಿಟ್ಸ್ ಬರಬಾರದಿತ್ತು ಅಲ್ವಾ, ಊರೇ ಕಬ್ಬಿಣದ್ದು!

ಈಗ ಮೆಸ್ಸಿನ ಗೋಡೆಯ ಮೇಲೆ, ಮೆನು ಬೋರ್ಡಿನ ಪಕ್ಕ, ಒಂದು ಹಾಳೆ ಇದೆ. ನಾನೇ ಬರೆದೆ, ಸುಶ್ಮಿತಾ ಕನ್ನಡ ತಿದ್ದಿದಳು. "ಇಂಪನಾ ಬಿದ್ದರೆ ಹೆದರಬೇಡಿ. ಸುತ್ತಲಿನ ವಸ್ತು ಸರಿಸಿ, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಕೈಗೆ, ಬಾಯಿಗೆ, ಮೂಗಿಗೆ ಏನೂ ಬೇಡ. ಎದ್ದಮೇಲೆ ಸಕ್ಕರೆ ಬೇಡ. ಮೈಸೂರು ಪಾಕಂತೂ ಬೇಡ." ಕೊನೆಯ ಸಾಲು ಸುಶ್ಮಿತಾಳದು. ಕೆಳಗೆ ನಾನು ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೇನೆ.

ಇವತ್ತಿನ ಡಬ್ಬ ಖಾಲಿ ಅಲ್ಲ. ತಳದಲ್ಲಿ ಟಿಶ್ಯೂನಲ್ಲಿ ಸುತ್ತಿದ್ದೇನೆ, ನಿನ್ನ ಟ್ರಂಕಿನ ಬೀಗದ ಕೈ. ಇನ್ನು ನಾನು ಇಟ್ಟುಕೊಳ್ಳುವುದಿಲ್ಲ. ಸಣ್ಣಗಾಗಲು ಅನ್ನುವ ಮಾತನ್ನೂ ಇನ್ನು ಹೇಳುವುದಿಲ್ಲ, ಚಿಕ್ಕಪ್ಪ ಕೇಳಿದರೂ, ನಾಳೆ ನನ್ನನ್ನು ನೋಡಲು ಬರುವವರು ಕೇಳಿದರೂ. ನೀನು ಮನೆಗೆ ಸೇರಿಸುವುದಿಲ್ಲ ಅಂದರೆ ಹಾಸ್ಟೆಲ್ ನನಗೆ ಹೊಸದಲ್ಲ.

ಇಂಪನಾ


ಜನ್ನಾಪುರ, ಭದ್ರಾವತಿ
15-11-2025, ಶನಿವಾರ

ಮಗಳೇ ಇಂಪನಾ,

ಎಂಟು ದಿನದಿಂದ ಡಬ್ಬ ಮಾತ್ರ ಬಂತು, ಕಾಗದ ಬರಲಿಲ್ಲ ಎಂದು ನೀನು ನನ್ನನ್ನು ಏನೇನೋ ಅಂದುಕೊಂಡಿರುತ್ತೀಯ. ಬರೆಯುತ್ತಿದ್ದೆ, ಹರಿಯುತ್ತಿದ್ದೆ. ನೀನು ಸೆಪ್ಟೆಂಬರಿನಲ್ಲಿ ಕೇಳಿದ್ದಕ್ಕೆ ಉತ್ತರ ಇದು.

ನೀನು ಐದನೇ ಕ್ಲಾಸಿನಲ್ಲಿದ್ದಾಗ ನಾವು ಕಾರ್ಖಾನೆ ಕ್ವಾರ್ಟರ್ಸಿನ ಲೈನ್ ಮನೆಯಲ್ಲಿದ್ದೆವು. ನಿನ್ನ ಅಜ್ಜಿ ಆಲ್ಕೊಳದಲ್ಲಿದ್ದರು. ನಿನಗೆ ಏನೋ ಆಗಿದೆ ಎಂದು ಯಾರೋ ಕೂಗಿದರು, ಸ್ಕೂಲಿಗೆ ಬರಿಗಾಲಲ್ಲಿ ಓಡಿದೆ. ಅಂಗಳದ ತುಂಬ ಜನ. ನಡುವೆ ನೀನು ಯೂನಿಫಾರ್ಮಿನಲ್ಲಿ. ಯಾರದ್ದೋ ಚಪ್ಪಲಿಯನ್ನು ನಿನ್ನ ಮೂಗಿಗೆ ಒತ್ತಿ ಹಿಡಿದಿದ್ದರು, ವಾಸನೆಗೆ ಎಚ್ಚರವಾಗುತ್ತದೆಂದು. ಸಗಣಿ ಮೆತ್ತಿದ ಚಪ್ಪಲಿ. ನಾನು ಅದನ್ನು ಕಿತ್ತು ಎಸೆದೆ. ಜನ ಬಿಡಲಿಲ್ಲ, ಏನಾದರೂ ಹಿಡಿಸಲೇಬೇಕು ಎಂದು ಇನ್ನೊಂದು ಚಪ್ಪಲಿ ತಂದರು. ನನ್ನ ಸೊಂಟದಲ್ಲಿ ಟ್ರಂಕಿನ ಬೀಗದ ಕೈ ಇತ್ತು. ಅದನ್ನು ನಿನ್ನ ಮುಷ್ಟಿಗೆ ಒತ್ತಿ, "ಕಬ್ಬಿಣ ಕೊಟ್ಟಿದೀನಿ, ಸಾಕು, ಯಾರೂ ಹತ್ರ ಬರಬೇಡಿ" ಎಂದು ಕೂಗಿದೆ.

ಕಬ್ಬಿಣದಿಂದ ವಾಸಿಯಾಗುತ್ತದೆಂದು ನಾನು ನಂಬಿದ್ದೆನೋ ಇಲ್ಲವೋ ಗೊತ್ತಿಲ್ಲ. ನಿನ್ನ ಕೈಯಲ್ಲಿ ಕಬ್ಬಿಣ ಇದ್ದರೆ ಯಾರೂ ನಿನ್ನ ಮುಖಕ್ಕೆ ಚಪ್ಪಲಿ ಹಿಡಿಯುವುದಿಲ್ಲ, ಅಷ್ಟು ಮಾತ್ರ ಗೊತ್ತಿತ್ತು. ಅದಕ್ಕೇ ಏಳು ವರ್ಷ ನಿನ್ನ ಜೇಬಿನಲ್ಲಿಟ್ಟೆ. ಆಮೇಲೆ ಲೈನಿನ ಮಕ್ಕಳು ನಿನ್ನನ್ನು ಕಂಡರೆ ಕಾಲಿಂದ ಚಪ್ಪಲಿ ತೆಗೆದು ತೋರಿಸುತ್ತಿದ್ದರು. ನೀನು ಅದನ್ನು ಮರೆತಿದ್ದೀಯ, ಮರೆತೇ ಇರು. ಎರಡು ತಿಂಗಳು ನೋಡಿದೆ, ನಿನ್ನನ್ನು ಹಾಸ್ಟೆಲ್ಲಿಗೆ ಕಳಿಸಿದೆ, ನಾವೂ ಮನೆ ಬಿಟ್ಟು ಈಚೆ ಬಂದೆವು. ಓದಿಸಲು ಕಳಿಸಿದ್ದಲ್ಲ. ಮುಚ್ಚಿಡಲು ಕಳಿಸಿದ್ದು. ನಿನ್ನನ್ನು ಅಲ್ಲ, ಆ ಚಪ್ಪಲಿಯನ್ನು. ಆದರೆ ಮುಚ್ಚಿದ್ದು ನಿನ್ನನ್ನೇ.

ನೀನು ಮೂರು ಮೈಸೂರು ಪಾಕು ನುಂಗಿದ್ದನ್ನು ಓದಿ ಅಡುಗೆಮನೆಯಲ್ಲಿ ಕೂತುಬಿಟ್ಟೆ. ನನ್ನ ಮಾತು ಉಳಿಸಿದೆ ಎಂದು ಬರೆದಿದ್ದೀಯ. ಅಂಥ ಮಾತು ಉಳಿಯುವುದು ನನಗೆ ಬೇಡ.

ಅವತ್ತೇ ಸಂಜೆ ಟ್ರಂಕು ತೆಗೆದು, ನಿನ್ನ ರಿಪೋರ್ಟುಗಳನ್ನೆಲ್ಲ ಹಾಲಿನ ಚಾಪೆಯ ಮೇಲೆ ಹರಡಿದೆ. ಅಜ್ಜಿಯನ್ನು ಕರೆದು ಕೂರಿಸಿ ಎಲ್ಲ ಹೇಳಿದೆ. ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ, "ಈ ಮನೆಗೆ ಬಂದಾಗಿಂದ ನೋಡ್ತಿದೀನಿ, ಇದರಲ್ಲಿ ಬಂಗಾರ ಮುಚ್ಚಿಟ್ಟಿದೀಯ ಅಂದ್ಕೊಂಡಿದ್ದೆ ಕಣೇ" ಎಂದರು. ನಿನ್ನ ತಲೆಯ ಸ್ಕ್ಯಾನ್ ಫಿಲಮನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಇದು ಇಂಪನಾ ತಲೆನಾ? ಚೆನ್ನಾಗೇ ಇದೆಯಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹಬ್ಬದ ದಿನ ಎಲೆ ಮುಂದೆ ನಾನು ಆ ಮಗೂನ ಬೈದ್ನಲ್ಲೇ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಿನ್ನ ಚಿಕ್ಕಪ್ಪನಿಗೆ ಅಜ್ಜಿಯೇ ಫೋನು ಮಾಡಿ ಹೇಳಿದ್ದಾರೆ. ಮಾರನೇ ದಿನ ಅವನು ನನಗೆ ಮಾಡಿದ. "ಅತ್ತಿಗೆ, ಇದನ್ನೆಲ್ಲ ಊರಿಗೆಲ್ಲ ಹೇಳ್ಕೊಂಡು ತಿರುಗಬೇಡಿ. ನಾಳೆ ಹುಡುಗಿ ಮದುವೆ ಆಗ್ಬೇಕೋ ಬೇಡ್ವೋ?" ನಾನು ಏಳು ವರ್ಷ ನನಗೆ ನಾನೇ ಹೇಳಿಕೊಂಡ ಮಾತು ಅದು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. "ಆನಂದ, ನೀನು ಶುಗರಿಗೆ ಹೋಳಿಗೆ ಬಿಟ್ರೆ ನಾಚಿಕೆ ಇಲ್ಲ, ನನ್ನ ಮಗಳು ಫಿಟ್ಸಿಗೆ ಅನ್ನ ಬಿಟ್ರೆ ನಾಚಿಕೆನಾ? ಅವಳು ತಿನ್ನೋದನ್ನ ನೋಡಿ ನಗೋ ಮನೆಗೆ ನಾನು ಅವಳನ್ನ ಕೊಡೋದೂ ಇಲ್ಲ" ಎಂದೆ. ಅಜ್ಜಿಗೆ ಹೇಳುವಾಗಲೂ "ಅದು" ಎಂದೇ ಹೇಳಿದ್ದೆ, ಆ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ನಿನ್ನ ಅಪ್ಪ ಒಳಗಿನಿಂದ ಎದ್ದು ಬಂದು, ಫೋನು ಇಡುವವರೆಗೂ ನನ್ನ ಪಕ್ಕದಲ್ಲೇ ನಿಂತಿದ್ದರು.

ನಿನ್ನ ಕಾಗದಗಳನ್ನು ಸುಟ್ಟಿಲ್ಲ. ಮೊದಲನೆಯದನ್ನು ಸುಟ್ಟೆ ಎಂದು ಬರೆದದ್ದು ಸುಳ್ಳು, ಒಂದನ್ನೂ ಸುಟ್ಟಿಲ್ಲ. ಟ್ರಂಕಿನ ಕೈ ನಿನ್ನ ಹತ್ತಿರ ಇತ್ತಲ್ಲ, ಅಕ್ಕಿ ಡಬ್ಬದಲ್ಲಿ ಹುದುಗಿಸಿಟ್ಟಿದ್ದೆ. ಈಗ ರಿಪೋರ್ಟುಗಳ ಜೊತೆ ಟಿವಿ ಸ್ಟ್ಯಾಂಡಿನ ಕೆಳಗೆ ಇವೆ, ಎಲ್ಲರ ಕಣ್ಣಿಗೂ ಕಾಣುವ ಹಾಗೆ. ನಿನ್ನ ಗೋಡೆಯ ಹಾಳೆಯನ್ನು ಇನ್ನೊಂದು ಬರೆದು ಕಳಿಸು, ನಮ್ಮ ಫ್ರಿಜ್ಜಿಗೆ ಅಂಟಿಸಬೇಕು. ಮೈಸೂರು ಪಾಕಿನ ಸಾಲೂ ಇರಲಿ. ಮುಂದಿನ ಸಲ ಡಾಕ್ಟರ ಹತ್ತಿರ ನಾನು ಬರುತ್ತೇನೆ. ಬಾಗಿಲಿಗೆ ಬೆನ್ನು ಹಾಕಿ ಕೂರುತ್ತೇನೆ.

ಟ್ರಂಕು ಖಾಲಿಯಾಯಿತಲ್ಲ, ಅಜ್ಜಿ ಅದನ್ನು ಬಿಸಿಲಿಗಿಟ್ಟು ಒರೆಸಿ ತಮ್ಮದು ಮಾಡಿಕೊಂಡಿದ್ದಾರೆ. ಅವಲಕ್ಕಿ, ಬೆಲ್ಲ, ಸಬ್ಬಕ್ಕಿ, ಸಕ್ಕರೆ ಡಬ್ಬ ಎಲ್ಲ ಅದರೊಳಗೆ ಹೋಗಿದೆ. ಮೇಲೆ ಬೀಗ. "ನೀನು ಮರೆವಿನವಳು, ಮತ್ತೆ ಫಲಾರ ಅಂತ ಮಗೂಗೆ ಏನಾದ್ರೂ ಕಳಿಸ್ತೀಯ" ಎಂದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಇವತ್ತು ನನ್ನ ಒಪ್ಪತ್ತು. ಒಂದು ಹಿಡಿ ಅವಲಕ್ಕಿ ಬೇಕೆಂದರೂ ಅವರನ್ನೇ ಕೇಳಬೇಕು. ಈಗಲೂ ಎದುರಿಗೆ ಕಾಯುತ್ತಾ ಕೂತಿದ್ದಾರೆ. ನಿನ್ನ ಡಬ್ಬ ಮುಚ್ಚಿ, ಚೀಲ ಮೂರ್ತಪ್ಪನ ಕೈ ಸೇರುವ ತನಕ ಬೀಗ ತೆಗೆಯುವುದಿಲ್ಲವಂತೆ.

ನಿನ್ನ ಅಮ್ಮ,
ಶೀಲಾ